ಡರ್ಬಿ ಓಡದ ಇಬ್ಬರು, ಗೆದ್ದ ಒಬ್ಬಳು: ಟಾರಸ್ ಕಪ್‌ಗೆ ನನ್ನ ನಾಲ್ವರ ಹೋಲಿಕೆ

ಉಮಾಮುಸುಮೆ ಅನ್ನೋ ರೇಸ್ ಆಟದಲ್ಲಿ ಟಾರಸ್ ಕಪ್ ಸ್ಪರ್ಧೆಯ ಮೊದಲ ಸುತ್ತು ನಿನ್ನೆ ರಾತ್ರಿಗೆ ಮುಗಿಯಿತು. ನನ್ನ ಹತ್ತಿರ ತಯಾರಾಗಿರುವವರು ನಾಲ್ವರು: ಮರುಜೆನ್‌ಸ್ಕಿ, ಒಗುರಿ ಕ್ಯಾಪ್, ಸ್ಪೆಷಲ್ ವೀಕ್, ಗೋಲ್ಡ್ ಶಿಪ್. ತಂಡದಲ್ಲಿ ಜಾಗ ಇರುವುದು ಮೂವರಿಗೆ. ಯಾರನ್ನು ಹೊರಗಿಡಬೇಕು ಅಂತ ತಿಳಿಯೋಕೆ ಮೊದಲ ಸುತ್ತನ್ನೇ ಪರೀಕ್ಷೆ ಮಾಡಿಕೊಂಡೆ. ಒಂದು ಸಲ ಹೆಸರು ಕೊಟ್ಟರೆ ಐದು ಓಟ. ನಾಲ್ಕು ಸಲ ಹೆಸರು ಕೊಟ್ಟೆ, ಪ್ರತಿ ಸಲ ಒಬ್ಬಳನ್ನು ಹೊರಗೆ ಕೂರಿಸಿದೆ. ಹಾಗಾಗಿ ಒಬ್ಬೊಬ್ಬಳಿಗೂ ಹದಿನೈದು ಓಟ ಸಿಕ್ಕಿತು. ಫೈನಲ್‌ಗೆ ತಂಡ ಕಟ್ಟುತ್ತಿರುವವರಿಗೆ ಈ ಲೆಕ್ಕ ಉಪಯೋಗವಾಗಬಹುದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಉಮಾಮುಸುಮೆ ಪ್ರೆಟಿ ಡರ್ಬಿ. ಸೈಗೇಮ್ಸ್ ಕಂಪನಿಯದು. ಜಪಾನಿನಲ್ಲಿ 2021ರ ಫೆಬ್ರವರಿಯಲ್ಲಿ ಬಂತು, ಇಂಗ್ಲಿಷ್ ಆವೃತ್ತಿ 2025ರ ಜೂನ್‌ನಲ್ಲಿ. ಜಪಾನಿನ ನಿಜವಾದ ರೇಸ್ ಕುದುರೆಗಳ ಹೆಸರು, ಸ್ವಭಾವ, ಹಣೆಬರಹ ಎಲ್ಲ ಹೊತ್ತ ಹುಡುಗಿಯರು ಇಲ್ಲಿ ಓಡುತ್ತಾರೆ. ತಲೆ ಮೇಲೆ ಕುದುರೆ ಕಿವಿ, ಹಿಂದೆ ಬಾಲ, ಓಡುವುದು ಮಾತ್ರ ಎರಡೇ ಕಾಲಲ್ಲಿ. ನಾವು ಅವರ ಟ್ರೇನರ್. ಆಟದ ಲೆಕ್ಕದಲ್ಲಿ ಮೂರು ವರ್ಷ ಸ್ಪೀಡ್, ಸ್ಟ್ಯಾಮಿನಾ, ಪವರ್, ಗಟ್ಸ್, ವಿಟ್ ಅನ್ನೋ ಐದನ್ನೂ ಬೆಳೆಸುತ್ತೇವೆ, ಸ್ಕಿಲ್ ಕಲಿಸುತ್ತೇವೆ. ಗೇಟ್ ತೆರೆದ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ಉಸಿರು ಬಿಗಿಹಿಡಿದು ನೋಡುವುದಷ್ಟೆ. ಟಾರಸ್ ಕಪ್‌ನಲ್ಲಿ ಮೂವರು ಟ್ರೇನರ್‌ಗಳ ತಲಾ ಮೂವರು, ಒಟ್ಟು ಒಂಬತ್ತು ಜನ ಒಂದೇ ಟ್ರ್ಯಾಕ್‌ಗೆ ಇಳಿಯುತ್ತಾರೆ. ಫೈನಲ್ ಅಂತೂ ಒಂದೇ ಓಟ. ಅಲ್ಲಿ ಎರಡನೇ ಅವಕಾಶ ಇಲ್ಲ.

ಟ್ರ್ಯಾಕ್ ಯಾವುದು ಅನ್ನೋದರ ಮೇಲೆ ಎಲ್ಲ ನಿಂತಿದೆ. ಇದು ಟೋಕಿಯೊ ರೇಸ್‌ಕೋರ್ಸಿನ 2400 ಮೀಟರ್ ಟರ್ಫ್, ಅಂದರೆ ಹುಲ್ಲಿನ ಟ್ರ್ಯಾಕ್, ಎಡಕ್ಕೆ ತಿರುಗುವ ಓಟ. ಮೂರು ವರ್ಷದ ಕುದುರೆಗಳ ದೊಡ್ಡ ರೇಸ್ ಜಪಾನ್ ಡರ್ಬಿ ನಡೆಯುವ ಅದೇ ದಾರಿ. ಕೊನೆಯ ನೇರ ಹಾದಿ 525.9 ಮೀಟರ್, ನಡುವೆ ಒಂದು ಏರು ಬೇರೆ. ತಿರುವು ಮುಗಿದ ತಕ್ಷಣ ಗೆದ್ದೆವು ಅಂದುಕೊಂಡವರು ಸೋಲುವ ಜಾಗ ಈ ಏರು. ನನ್ನ ಓಟಗಳಲ್ಲಿ ಸ್ಟ್ಯಾಮಿನಾ ಐನೂರರ ಕೆಳಗಿದ್ದವಳು ಒಬ್ಬಳೂ ಇಲ್ಲಿ ಗೆಲ್ಲಲಿಲ್ಲ. ಆರುನೂರರ ಹತ್ತಿರ ಇಟ್ಟುಕೊಂಡು, ಜೊತೆಗೆ ಉಸಿರು ವಾಪಸ್ ತರುವ ಒಂದು ಒಳ್ಳೆಯ ಸ್ಕಿಲ್ ಕೊಟ್ಟ ಮೇಲೆ ಪರಿಸ್ಥಿತಿ ಸುಧಾರಿಸಿತು. ಪವರ್ ಕಡಿಮೆ ಮಾಡಬೇಡಿ, ಏರಿನಲ್ಲಿ ಕಾಲು ಎಳೆಯುತ್ತದೆ.

ಮೊದಲು ಮರುಜೆನ್‌ಸ್ಕಿ. ಫ್ರಂಟ್ ರನ್ನರ್, ಗೇಟ್ ತೆರೆದಾಗಿನಿಂದ ಮುಂದೆಯೇ ಓಡುವವಳು. ಅವಳ ಸ್ವಂತ ಸ್ಕಿಲ್ ಈ ಟ್ರ್ಯಾಕ್‌ಗೆ ಅಂತಲೇ ಹೊಲಿಸಿದ ಹಾಗಿದೆ. ಕೊನೆಯ ತಿರುವಿನಲ್ಲಿ ಮುಂದಿನವರ ಸಾಲಿನಲ್ಲಿದ್ದರೆ ಗೇರ್ ಬದಲಿಸಿದಂತೆ ವೇಗ ಏರುತ್ತದೆ. ಟೋಕಿಯೊ 2400ರಲ್ಲಿ ಆ ತಿರುವು ಕೊನೆಯ ಜಿಗಿತ ಶುರುವಾಗುವ ಹೊತ್ತಿಗೇ ಬರುತ್ತದೆ. ಹಿಂದಿನವರು ಇನ್ನೂ ವೇಗ ಹೆಚ್ಚಿಸಿಕೊಳ್ಳುತ್ತಿರುವಾಗ ಇವಳು ಆಗಲೇ ನಾಲ್ಕೈದು ಲೆಂಗ್ತ್ (ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ) ದೂರ ಹೋಗಿರುತ್ತಾಳೆ. ಅದಕ್ಕೇ ನನ್ನ ಎದುರಾಳಿಗಳಲ್ಲಿ ಎಷ್ಟೋ ಜನ ಬೇರೆ ಹುಡುಗಿಯರಿಗೂ ಇವಳನ್ನು ತಂದೆತಾಯಿ ಜಾಗದಲ್ಲಿಟ್ಟು (ಮೊದಲೇ ಸಾಕಿದವರ ಗುಣ ಹೊಸಬರಿಗೆ ದಾಟಿಸಲು ಆಟದಲ್ಲಿರುವ ದಾರಿ ಇದು), ಈ ಸ್ಕಿಲ್‌ನ ಸ್ವಲ್ಪ ಸಪ್ಪೆ ರೂಪವನ್ನು ಬಳುವಳಿಯಾಗಿ ಕೊಡಿಸಿದ್ದರು.

ತೊಂದರೆ ಎರಡಿವೆ. ಹುಟ್ಟಾ ಇವಳಿಗೆ ಮಧ್ಯಮ ದೂರದಲ್ಲಿ ಬಿ ಗ್ರೇಡ್. ಎ ಗ್ರೇಡ್ ಇರುವುದು ಮೈಲಿಯಲ್ಲಿ. 2400 ಮೀಟರ್ ಮಧ್ಯಮ ದೂರಕ್ಕೆ ಸೇರುತ್ತದೆ, ಆದ್ದರಿಂದ ಬಳುವಳಿಯಿಂದ ಆ ಬಿ ಅನ್ನು ಎ ಮಾಡಲೇಬೇಕು. ನನ್ನ ಮೊದಲ ಮರುಜೆನ್‌ಸ್ಕಿಗೆ ಅದು ಆಗಿರಲಿಲ್ಲ. ಏರು ಹತ್ತುವಷ್ಟರಲ್ಲಿ ಸುಸ್ತಾದಳು. ಎರಡನೇ ತೊಂದರೆ ಇನ್ನೊಬ್ಬ ಫ್ರಂಟ್ ರನ್ನರ್. ಒಬ್ಬಳೇ ಮುಂದಿದ್ದಾಗ ಇವಳು ರಾಣಿ. ಎದುರು ತಂಡದಲ್ಲೂ ಮುಂದೆ ಓಡುವವರು ಇಬ್ಬರು ಮೂವರು ಬಂದರೆ ಒಳಗೆ ಸಿಕ್ಕಿಕೊಳ್ಳುತ್ತಾಳೆ. ಹದಿನೈದರಲ್ಲಿ ನಾಲ್ಕು ಗೆದ್ದಳು. ಸೋತ ಓಟಗಳಲ್ಲಿ ಸುಮಾರು ಅರ್ಧದಷ್ಟು ಆರನೇ ಜಾಗಕ್ಕಿಂತ ಕೆಳಗೆ. ಒಂದೋ ಇದೆ, ಇಲ್ಲವೋ ಇಲ್ಲ, ನಡುವೆ ಏನೂ ಇಲ್ಲ.

ಆದರೂ ಇವಳು ಈ ಟ್ರ್ಯಾಕ್‌ನಲ್ಲಿ ಗೆದ್ದಾಗ ನನಗೆ ಗಂಟಲು ಕಟ್ಟಿತು. ಕಾರಣ ಹೇಳುತ್ತೇನೆ. ನಿಜವಾದ ಮರುಜೆನ್‌ಸ್ಕಿ 1974ರಲ್ಲಿ ಹುಟ್ಟಿದ ಕುದುರೆ. ತಂದೆ 1970ರಲ್ಲಿ ಇಂಗ್ಲೆಂಡಿನ ಟ್ರಿಪಲ್ ಕ್ರೌನ್, ಅಂದರೆ ಮೂರು ದೊಡ್ಡ ರೇಸ್‌ಗಳನ್ನೂ ಗೆದ್ದ ನಿಜಿನ್‌ಸ್ಕಿ. ತಾಯಿ ಕುದುರೆಯನ್ನು ಹೊಟ್ಟೆಯಲ್ಲಿ ಮರಿ ಇರುವಾಗಲೇ ಅಮೆರಿಕದಿಂದ ಕೊಂಡು ತಂದಿದ್ದರು. ಮರಿ ಹುಟ್ಟಿದ್ದು ಜಪಾನಿನ ನೆಲದಲ್ಲೇ. ಆದರೆ ಆಗಿನ ನಿಯಮದಲ್ಲಿ ಅಂಥ ಮರಿಗೆ ಡರ್ಬಿಯಲ್ಲಿ ಜಾಗ ಇರಲಿಲ್ಲ. ಓಡಿದ ಎಂಟಕ್ಕೆ ಎಂಟೂ ಗೆದ್ದಿತು, ಅಂತರಗಳನ್ನೆಲ್ಲ ಕೂಡಿದರೆ 61 ಲೆಂಗ್ತ್. ಎಲ್ಲರಿಗಿಂತ ಹೊರಗಿನ ಗೇಟ್ ಕೊಡಿ, ಬಹುಮಾನದ ಹಣ ಬೇಡ, ಸುಮ್ನೆ ಓಡಲು ಬಿಡಿ ಅಂತ ಅದರ ಜಾಕಿ ಕೇಳಿಕೊಂಡ ಮಾತು ಜಪಾನಿನ ರೇಸ್ ಅಭಿಮಾನಿಗಳಿಗೆಲ್ಲ ಗೊತ್ತು. ಬಿಡಲಿಲ್ಲ. ಅದೇ ಹೆಸರಿನವಳು ಡರ್ಬಿಯ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಏರು ಹತ್ತುವುದನ್ನು ನೋಡುವಾಗ ಅದನ್ನು ಬರೀ ಆಟ ಅಂತ ನನಗೆ ನೋಡೋಕೆ ಆಗಲ್ಲ.

ಒಗುರಿ ಕ್ಯಾಪ್ ಕಥೆಯೂ ಅದೇ ದಾರಿಯದು. ಬೂದು ಬಣ್ಣದ ಕುದುರೆ. ಕಸಮತ್ಸು ಅನ್ನೋ ಪ್ರಾಂತೀಯ ಟ್ರ್ಯಾಕ್‌ನಲ್ಲಿ, ಮಣ್ಣಿನ ಮೇಲೆ ಓಡಿ ಹೆಸರು ಮಾಡಿ, 1988ರಲ್ಲಿ ದೊಡ್ಡ ರೇಸ್‌ಗಳಿಗೆ ಬಂತು. ಡರ್ಬಿಯಂಥ ಕ್ಲಾಸಿಕ್ ರೇಸ್‌ಗಳಿಗೆ ಮುಂಚೆಯೇ ಹೆಸರು ನೋಂದಾಯಿಸಬೇಕಿತ್ತು, ಇದರದ್ದು ನೋಂದಾಯಿಸಿರಲಿಲ್ಲ. ಆ ಒಂದು ಕಾಗದಕ್ಕೆ ಡರ್ಬಿ ತಪ್ಪಿತು. ನಂತರ 1992ರಿಂದ ಹೆಚ್ಚುವರಿ ಶುಲ್ಕ ಕಟ್ಟಿ ಸೇರಲು ಅವಕಾಶ ಮಾಡಿದರು, ಅಷ್ಟು ಹೊತ್ತಿಗೆ ಒಗುರಿ ನಿವೃತ್ತಿಯಾಗಿತ್ತು. ಟೋಕಿಯೊ 2400 ಮಾತ್ರ ಇದಕ್ಕೆ ಹೊಸದಲ್ಲ. 1989ರ ಜಪಾನ್ ಕಪ್ ಇದೇ ದೂರ, ಇದೇ ಟ್ರ್ಯಾಕ್. ನ್ಯೂಜಿಲೆಂಡಿನ ಹಾರ್ಲಿಕ್ಸ್ ಅನ್ನೋ ಕುದುರೆ ಜೊತೆ ಒಂದೇ ಸಮಯದಲ್ಲಿ, 2 ನಿಮಿಷ 22.2 ಸೆಕೆಂಡಿಗೆ ಗುರಿ ಮುಟ್ಟಿ, ಒಂದು ಕುತ್ತಿಗೆಯಷ್ಟು ಅಂತರದಲ್ಲಿ ಸೋತಿತು. ಆಗ ಅದು ವಿಶ್ವದಾಖಲೆಯ ಸಮಯ.

ಆಟದ ಒಗುರಿ ಕ್ಯಾಪ್ ಸಾಕಲು ಸುಲಭ. ಮಧ್ಯಮ ದೂರದಲ್ಲಿ ಎ ಗ್ರೇಡ್ ಇದ್ದೇ ಇದೆ. ಪೇಸ್ ಚೇಸರ್ ಆಗಿಯೂ ಓಡುತ್ತಾಳೆ, ಹಿಂದೆ ಉಳಿದು ಕೊನೆಗೆ ನುಗ್ಗುವ ಲೇಟ್ ಸರ್ಜರ್ ಆಗಿಯೂ ಓಡುತ್ತಾಳೆ. ಸ್ಪೀಡ್ ತರಬೇತಿಯಲ್ಲಿ ಶೇಕಡ 20ರಷ್ಟು ಜಾಸ್ತಿ ಫಲ ಸಿಗುತ್ತದೆ, ಪವರ್‌ನಲ್ಲಿ ಶೇಕಡ 10. ನಾನು ಅವಳನ್ನು ಪೇಸ್ ಚೇಸರ್ ಮಾಡಿದೆ, ಅಂದರೆ ಮುಂದಿನವರ ಬೆನ್ನಿಗೇ ಅಂಟಿಕೊಂಡು ಓಡುವವಳು. ನಾಲ್ಕು ಸಲ ಸಾಕಿದ್ದರಲ್ಲಿ ಮೂರು ಸಲ ಸ್ಪೀಡ್ ಸಾವಿರ ದಾಟಿತು. ಬೇರೆ ಯಾರಲ್ಲೂ ನನಗೆ ಇಷ್ಟು ನಿಶ್ಚಿತ ಫಲ ಬರಲಿಲ್ಲ.

ಒಂದು ಓಟ ಕಣ್ಣಿಗೆ ಕಟ್ಟಿದಂತಿದೆ. ಎರಡನೇ ದಿನ, ಸ್ಪೆಷಲ್ ವೀಕ್ ಹೊರಗೆ ಕೂತಿದ್ದ ತಂಡ. ಮೊದಲ ಸಾವಿರ ಮೀಟರ್ ಒಗುರಿ ಐದನೆಯವಳು. ಬಲಕ್ಕೊಬ್ಬಳು, ಎದುರಿಗೊಬ್ಬಳು, ಎಡಕ್ಕೆ ಕಂಬಿ. ಹೊರಬರಲು ದಾರಿಯೇ ಕಾಣಲಿಲ್ಲ. ಕೊನೆಯ ತಿರುವಿನಲ್ಲಿ ನನ್ನ ಮರುಜೆನ್‌ಸ್ಕಿ ಮುಂದೆ ಜಿಗಿದಳು, ಅವಳ ಹಿಂದೆ ಎದುರು ತಂಡದ ಇಬ್ಬರು. ಏರಿನಲ್ಲಿ ಮರುಜೆನ್‌ಸ್ಕಿಯ ಹೆಜ್ಜೆ ಚಿಕ್ಕದಾಗತೊಡಗಿತು. ಒಗುರಿ ಅಷ್ಟರಲ್ಲಿ ಮೂರನೇ ಜಾಗಕ್ಕೆ ಬಂದಿದ್ದಳು, ಇನ್ನೂ ಗೋಡೆಯ ಹಿಂದೆಯೇ. 200 ಮೀಟರ್ ಬೋರ್ಡ್ ದಾಟಿದ ಕ್ಷಣ ಅವಳ ಸ್ವಂತ ಸ್ಕಿಲ್ ಹೊತ್ತಿಕೊಂಡಿತು. ತಲೆ ತಗ್ಗಿಸಿ, ಭುಜ ಮುಂದೆ ಮಾಡಿ, ಇಬ್ಬರ ನಡುವಿನ ಸಂದಿಯಲ್ಲಿ ನುಗ್ಗಿದಳು. ಗೆಲುವಿನ ಅಂತರ ಒಂದು ಕುತ್ತಿಗೆ. ಕುಕ್ಕರ್ ಕೂಗುತ್ತಿತ್ತು, ನಾನು ಎದ್ದಿರಲಿಲ್ಲ. ಅಮ್ಮ ಬಂದು ಒಲೆ ಆರಿಸಿ, ಭುಜದ ಮೇಲಿಂದ ಫೋನ್ ನೋಡಿ, "ಆ ಬಿಳಿ ಕೂದಲವಳೇನೇ ಗೆದ್ದಿದ್ದು?" ಅಂತ ಕೇಳಿದರು. ಹೌದು ಅಂದೆ. "ಪಾಪ, ಎಷ್ಟು ಹೊತ್ತು ದಾರಿ ಬಿಡಲಿಲ್ಲ ಅವಳಿಗೆ" ಅಂದರು.

ಹದಿನೈದರಲ್ಲಿ ನಾಲ್ಕು ಗೆಲುವು, ಮರುಜೆನ್‌ಸ್ಕಿಯಷ್ಟೇ. ಆದರೆ ಸೋತಾಗಲೂ ನಾಲ್ಕನೇ ಜಾಗಕ್ಕಿಂತ ಕೆಳಗೆ ಒಮ್ಮೆಯೂ ಹೋಗಲಿಲ್ಲ. ಒಂದೇ ಓಟದ ಫೈನಲ್‌ಗೆ ನನಗೆ ಬೇಕಿರುವುದು ಇಂಥವಳು. ತಂಡದಲ್ಲಿ ಒಬ್ಬಳಿಗೆ ಮಾತ್ರ ತರಬೇತಿಗೆ ನೆರವಾಗುವ ಒಳ್ಳೆಯ ಸಪೋರ್ಟ್ ಕಾರ್ಡ್‌ಗಳನ್ನು ಇಡಲು ಸಾಧ್ಯ ಅನ್ನೋರು ಒಗುರಿಗೇ ಇಡಿ.

ಗೋಲ್ಡ್ ಶಿಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಸ್ಟಾರ್‌ನವಳು, ದುಡ್ಡು ಹಾಕದೆ ಆಡುವವರಿಗೂ ಬೇಗ ಸಿಗುತ್ತಾಳೆ. ಮೂರು ಸ್ಟಾರ್‌ಗೆ ಏರಿಸಿಕೊಳ್ಳಿ, ಅವಳ ಸ್ವಂತ ಸ್ಕಿಲ್‌ನ ಪೂರ್ತಿ ಬಲ ಬರುವುದು ಆಗಲೇ. ಎಂಡ್ ಕ್ಲೋಸರ್, ಎಲ್ಲರಿಗಿಂತ ಹಿಂದೆ ಓಡಿ ಅರ್ಧ ದಾರಿ ಕಳೆದ ಮೇಲೆ ಉದ್ದಕ್ಕೂ ಎಳೆದುಕೊಂಡು ಬರುವವಳು. ಸ್ಟ್ಯಾಮಿನಾ ತಾನಾಗಿಯೇ ಚೆನ್ನಾಗಿ ಬೆಳೆಯುತ್ತದೆ, ಏರಿನ ಚಿಂತೆ ಇಲ್ಲ. ನಿಜವಾದ ಗೋಲ್ಡ್ ಶಿಪ್ 2012ರ ಡರ್ಬಿಯಲ್ಲಿ ಐದನೆಯದಾಗಿ, ಅದೇ ವರ್ಷ ಕಿಕ್ಕಾ ಶೋ, ಅರಿಮಾ ಕಿನೆನ್ ಅನ್ನೋ ಇನ್ನೂ ಉದ್ದದ ರೇಸ್ ಎರಡನ್ನೂ ಗೆದ್ದಿತ್ತು. ಇಲ್ಲೂ ಅವಳದ್ದು ಅದೇ ಕಥೆ. ಓಟ ಇನ್ನೊಂದು ನೂರು ಮೀಟರ್ ಉದ್ದ ಇದ್ದಿದ್ದರೆ ಗೆಲ್ಲುತ್ತಿದ್ದಳು ಅನ್ನಿಸುವ ಓಟಗಳು ಜಾಸ್ತಿ. ಗೆದ್ದಿದ್ದು ಎರಡು. ಆದರೆ ಆ ಎರಡೂ ಗೆಲುವು ಬಂದದ್ದು ಎದುರಾಳಿಗಳ ಫ್ರಂಟ್ ರನ್ನರ್‌ಗಳು ನನ್ನ ಮರುಜೆನ್‌ಸ್ಕಿಯನ್ನು ಕೂಡಿಹಾಕಿದ್ದ ಓಟಗಳಲ್ಲೇ. ಮುಂದೆ ಒಬ್ಬಳು, ನಡುವೆ ಒಬ್ಬಳು, ಹಿಂದೆ ಒಬ್ಬಳು ಇದ್ದರೆ ಯಾವ ಥರದ ಓಟ ಬಂದರೂ ನಮ್ಮವರು ಯಾರೋ ಒಬ್ಬರು ಸರಿಯಾದ ಜಾಗದಲ್ಲಿರುತ್ತಾರೆ, ಅಲ್ವಾ?

ಉಳಿದವಳು ಸ್ಪೆಷಲ್ ವೀಕ್. ಇವಳ ಬಗ್ಗೆ ಬರೆಯುವುದೇ ಕಷ್ಟ.

ಈ ನಾಲ್ವರಲ್ಲಿ ನಿಜವಾಗಿ ಡರ್ಬಿ ಗೆದ್ದ ಹೆಸರು ಇವಳದ್ದೊಂದೇ. 1998ರಲ್ಲಿ, ಐದು ಲೆಂಗ್ತ್ ಅಂತರದಲ್ಲಿ. ಜಾಕಿ ಯುತಾಕಾ ತಾಕೆಗೂ ಅದೇ ಮೊದಲ ಡರ್ಬಿ. ಮರುವರ್ಷ ಇದೇ ಟ್ರ್ಯಾಕ್‌ನಲ್ಲಿ ಜಪಾನ್ ಕಪ್ ಗೆದ್ದಾಗ ಹಿಂದೆ ಬಿಟ್ಟವರಲ್ಲಿ ಯುರೋಪಿನ ಹೆಸರಾಂತ ಕುದುರೆ ಮೊಂಟ್ಜ್ಯೂ ಇತ್ತು. ಸ್ಪೆಷಲ್ ವೀಕ್ ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯನ್ನು ಕಳೆದುಕೊಂಡ ಮರಿ. ನಾನು ಈ ಆಟದಲ್ಲಿ ಮೊದಲು ಸಾಕಿದ್ದು ಇವಳನ್ನೇ. ಮೊದಲ ಡರ್ಬಿ ಗೆದ್ದದ್ದೂ ಇವಳ ಜೊತೆಗೇ. ಹಾಗಾಗಿ ಇವಳಿಗೆ ಯಾವ ಕೊರತೆಯನ್ನೂ ಮಾಡಲಿಲ್ಲ. ಒಳ್ಳೆಯ ಕಾರ್ಡ್, ಉಸಿರಿನ ಸ್ಕಿಲ್, ಎಲ್ಲ ಕೊಟ್ಟೆ. ಲೇಟ್ ಸರ್ಜರ್ ಆಗಿ ಎಂಟು ಓಟ, ಪೇಸ್ ಚೇಸರ್ ಆಗಿ ಏಳು ಓಟ ಓಡಿಸಿದೆ.

ಒಂದೇ ಗೆಲುವು. ಸ್ಟ್ಯಾಮಿನಾ ಸಾಲದೆ ಸೋತವಳಲ್ಲ ಇವಳು. ಇವಳ ಸ್ವಂತ ಸ್ಕಿಲ್ ಹೊತ್ತಿಕೊಳ್ಳಬೇಕಾದರೆ ಓಟದ ಕೊನೆಯ ಭಾಗದಲ್ಲಿ, ಮುಂದಿನ ಸಾಲಿನಲ್ಲಿದ್ದು, ಯಾರನ್ನಾದರೂ ಹಿಂದೆ ಹಾಕಬೇಕು. ಮರುಜೆನ್‌ಸ್ಕಿಯ ಬಳುವಳಿ ಹೊತ್ತವರು ತಿರುವಿನಲ್ಲೇ ದೂರ ಹೋಗಿಬಿಟ್ಟರೆ ಹಿಂದೆ ಹಾಕಲು ಅಲ್ಲಿ ಯಾರೂ ಉಳಿದಿರುವುದಿಲ್ಲ. ಹೊತ್ತಿಕೊಂಡಾಗಲೂ ಅದು ಓಟದ ವೇಗ ಹೆಚ್ಚಿಸುತ್ತದೆ, ತಿರುವಿನಲ್ಲಿ ಬೇಕಾದ ಆ ಥಟ್ಟನೆಯ ಎಳೆತ ಕೊಡುವುದಿಲ್ಲ. ಕೆರಿಯರ್ ಮೋಡ್‌ನ, ಅಂದರೆ ಆ ಮೂರು ವರ್ಷದ ತರಬೇತಿಯ ಒಳಗಿನ ಡರ್ಬಿಯಲ್ಲಿ, ಜಪಾನ್ ಕಪ್‌ನಲ್ಲಿ ಇವಳು ಆರಾಮಾಗಿ ಗೆಲ್ಲುತ್ತಾಳೆ. ಅದನ್ನು ನೋಡಿ ಟಾರಸ್ ಕಪ್‌ಗೆ ಕಳಿಸಬೇಡಿ. ಕೆರಿಯರ್ ಮೋಡ್‌ನ ಎದುರಾಳಿಗಳನ್ನು ನಮ್ಮ ನಿಮ್ಮಂಥ ಟ್ರೇನರ್‌ಗಳು ತಿಂಗಳುಗಟ್ಟಲೆ ಸಾಕಿರುವುದಿಲ್ಲ.

ಹಾಗಾಗಿ ನನ್ನ ತಂಡ ಗೊತ್ತಾಯಿತು. ಮುಂದೆ ಮರುಜೆನ್‌ಸ್ಕಿ, ಅವಳ ಬೆನ್ನಿಗೆ ಒಗುರಿ ಕ್ಯಾಪ್, ಕೊನೆಯಲ್ಲಿ ಗೋಲ್ಡ್ ಶಿಪ್. ಗೆಲ್ಲುವವಳು ಒಗುರಿ ಅಂತ ನನ್ನ ಅಂದಾಜು.

ಇನ್ನೊಂದು ವಿಷಯ ಹೇಳಲೇಬೇಕು. ಮರುಜೆನ್‌ಸ್ಕಿಯ ಮಧ್ಯಮ ದೂರದ ಬಿ ಗ್ರೇಡ್ ಎ ಆಗಬೇಕು ಅಂದಿದ್ದೆನಲ್ಲ. ಅದಕ್ಕೆ ಮಧ್ಯಮ ದೂರದ ಗುಲಾಬಿ ಸ್ಪಾರ್ಕ್, ಅಂದರೆ ಆ ಗ್ರೇಡ್ ಏರಿಸುವ ಗುಣ, ಇರುವ ಒಬ್ಬಳನ್ನು ಬಳುವಳಿಯ ಜಾಗದಲ್ಲಿ ಇಡಬೇಕು. ನನ್ನ ಪಟ್ಟಿಯಲ್ಲಿ ಆ ಸ್ಪಾರ್ಕ್ ಚೆನ್ನಾಗಿ ಬಂದಿದ್ದು ಒಬ್ಬಳಿಗೇ, ನನ್ನ ಹಳೆಯ ಸ್ಪೆಷಲ್ ವೀಕ್‌ಗೆ. ನಿಜವಾದ ಸ್ಪೆಷಲ್ ವೀಕ್‌ನ ತಾಯಿ ಕ್ಯಾಂಪೇನ್ ಗರ್ಲ್. ಆ ತಾಯಿಯ ತಂದೆ ಮರುಜೆನ್‌ಸ್ಕಿ. ಅಜ್ಜನಿಗೆ ಓಡಲು ಬಿಡದ ಡರ್ಬಿಯನ್ನು 21 ವರ್ಷದ ನಂತರ ಮೊಮ್ಮಗ ಗೆದ್ದಿತ್ತು. ಈಗ ನನ್ನ ಮರುಜೆನ್‌ಸ್ಕಿ ಡರ್ಬಿಯ ದೂರ ಓಡುತ್ತಿರುವುದು ಆ ಮೊಮ್ಮಗನ ಹೆಸರಿನವಳು ಕೊಟ್ಟ ಗ್ರೇಡ್‌ನಿಂದ. ಎರಡನೇ ಸುತ್ತಿಗೆ ಹೆಸರು ಕೊಟ್ಟಾಗಿದೆ. ಮೊದಲ ಓಟ ಇವತ್ತು ರಾತ್ರಿ, ಊಟ ಆದ ಮೇಲೆ.