ಕಾಡಿನ ಹಳೇ ರೇಂಜರ್ ಮನೆಗೆ ಹೋಗ್ತೀರಾ? ಪೊರಕೆ ಮುಟ್ಟಬೇಡಿ

ಅಮೆರಿಕದಲ್ಲಿರುವ ನಮ್ಮವರು, ಅದರಲ್ಲೂ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡವರು, ಇದನ್ನೊಮ್ಮೆ ಓದಿ. ಹದಿನೈದು ನಿಮಿಷದ ಒಂದು ಕೆಲಸಕ್ಕೆ ನಾವು ಎಂಟು ವಾರ ನಿದ್ದೆಗೆಟ್ಟೆವು.

ಜಾಗ ಪಶ್ಚಿಮ ಮೊಂಟಾನಾದ ಕಾಡು. ಸಿಯಾಟಲ್‌ನಿಂದ ಮಿಸೂಲಾಕ್ಕೆ ಸುಮಾರು 760 ಕಿಲೋಮೀಟರ್, ಅಲ್ಲಿಂದ ಇನ್ನೂ ಎರಡು ಗಂಟೆ, ಕೊನೆಗೆ ಮಣ್ಣು ರಸ್ತೆ. ಹಿಂದೆ ಕುದುರೆ ಮೇಲೆ ಕಾಡು ಸುತ್ತುತ್ತಿದ್ದ ರೇಂಜರ್‌ಗಳು ರಾತ್ರಿ ಉಳಿಯಲಿ ಅಂತ ಕಟ್ಟಿಸಿದ ಮರದ ದಿಮ್ಮಿಯ ಮನೆ. ಅಲ್ಲಿನ ಕಾಡುಗಳಲ್ಲಿ ಇಂಥವು ಬೇಕಾದಷ್ಟಿವೆ. ಎಷ್ಟೋ ಮನೆಗಳು 1933ರಿಂದ 1942ರ ನಡುವಿನವು. ಕೆಲಸವಿಲ್ಲದ ಹುಡುಗರಿಗೆ ರೂಸ್‌ವೆಲ್ಟ್ ಸರ್ಕಾರ ತಿಂಗಳಿಗೆ 30 ಡಾಲರ್ ಕೊಟ್ಟು ಕಾಡಿನ ಕೆಲಸ ಮಾಡಿಸಿದ ಕಾಲ ಅದು. ಅದರಲ್ಲಿ 25 ಡಾಲರ್ ಸೀದಾ ಅವರ ಮನೆಗೇ ಹೋಗುತ್ತಿತ್ತು. ಈಗ ಈ ಮನೆಗಳನ್ನು ಬಾಡಿಗೆಗೆ ಕೊಡುತ್ತಾರೆ. ನಮಗೆ ಸಿಕ್ಕಿದ್ದರಲ್ಲಿ ಕರೆಂಟಿಲ್ಲ, ನಲ್ಲಿಯಿಲ್ಲ, ಸಿಗ್ನಲ್ ಇಲ್ಲ. ಸೌದೆ ಒಲೆ, ಹೊರಗೆ ಕಕ್ಕಸು. ಅಮ್ಮನಿಗೆ ಸಾಗರದ ಅಜ್ಜಿಮನೆ ನೆನಪಾಗಲಿ ಅಂತಲೇ ಬುಕ್ ಮಾಡಿದ್ದೆ.

ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಕಟ್ಟೆ ಮೇಲೆ, ಹಾಸಿಗೆ ಮೇಲೆ, ಒಲೆ ಪಕ್ಕ, ಎಲ್ಲ ಕಡೆ ಕರಿಜೀರಿಗೆ ಚೆಲ್ಲಿದ ಹಾಗೆ ಇಲಿ ಹಿಕ್ಕೆ.

“ಅಯ್ಯೋ ಮಾರಾಯ, ಇದಕ್ಕೆ ದುಡ್ಡು ಬೇರೆ ಕೊಟ್ಟಿದೀಯಾ? ಮಗೂನ ಹೊರಗೇ ಇಟ್ಕೋ” ಅಂದವಳೇ ಅಮ್ಮ ಗೋಡೆಯಲ್ಲಿದ್ದ ಪೊರಕೆ ತೆಗೆದಳು. ಮೂಗಿಗೆ ಸೆರಗು ಸುತ್ತಿದಳು. ನಾನು ಸಾಮಾನು ಇಳಿಸುತ್ತಿದ್ದೆ. ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಧೂಳು ಗಿರಗಿರ ತಿರುಗುತ್ತಿತ್ತು. ಚೆನ್ನಾಗಿದೆ ಅಂತ ಒಂದು ಫೋಟೋನೂ ತೆಗೆದೆ!

ಪೊರಕೆಯನ್ನು ವಾಪಸ್ ಗೂಟಕ್ಕೆ ಹಾಕಲು ಹೋದಾಗ ಅದರ ಹಿಂದೆ ಲ್ಯಾಮಿನೇಟ್ ಮಾಡಿದ ಹಾಳೆ ಕಂಡಿತು. ಇಲಿ ಹಿಕ್ಕೆ ಇದ್ದರೆ ಗುಡಿಸಬೇಡಿ ಅಂತ ಬರೆದಿತ್ತು. ಅಮ್ಮನಿಗೂ ಕಂಡಿತ್ತಂತೆ, ಇಂಗ್ಲಿಷಲ್ಲಿ ಏನೋ ಇದೆ ಅಂತ ಬಿಟ್ಟಳಂತೆ. ಪೊರಕೆ ಹಿಂದೆ ಅದನ್ನು ಅಂಟಿಸಿದ ಪುಣ್ಯಾತ್ಮ ಯಾರೋ. ಆದರೆ ಬುಕಿಂಗ್ ಮೇಲ್‌ನ ಕೊನೆಯಲ್ಲೂ ಅದೇ ಸಾಲು ಇತ್ತು. ದಾರಿ ಮತ್ತು ಬೀಗದ ನಂಬರ್ ನೋಡಿ ನಾನು ಮೇಲ್ ಮುಚ್ಚಿದ್ದೆ. ಬೈದರೆ ನನ್ನನ್ನೇ ಬೈಯಬೇಕು.

ವಿಷಯ ಹಂಟಾವೈರಸ್. ಡಿಯರ್ ಮೌಸ್ ಅಂತ ಬಿಳಿ ಹೊಟ್ಟೆಯ, ದೊಡ್ಡ ಕಣ್ಣಿನ ಪುಟ್ಟ ಇಲಿ ಇದೆ. ಪೆನ್ಸಿಲ್ ತೂರುವಷ್ಟು ಸಂದಿ ಸಾಕು, ಒಳಗೆ ಬರುತ್ತದೆ. ದಿಮ್ಮಿ ಮನೆಯಲ್ಲಿ ಸಂದಿಗೇನು ಬರವೇ? ಅದರ ಉಚ್ಚೆ, ಹಿಕ್ಕೆ, ಜೊಲ್ಲಿನಲ್ಲಿ ವೈರಸ್ ಇರಬಹುದು. ಒಣಗಿದ್ದನ್ನು ಗುಡಿಸಿದರೆ ಧೂಳಿನ ಜೊತೆ ಎದ್ದು ಉಸಿರಿಗೆ ಹೋಗುತ್ತದೆ. ಸೆರಗು ತಡೆಯುವುದಿಲ್ಲ. 1993ರಲ್ಲಿ ನ್ಯೂ ಮೆಕ್ಸಿಕೊ, ಅರಿಜೋನಾ ಕಡೆ ಗಟ್ಟಿಮುಟ್ಟಾದ ಹುಡುಗರು ಉಸಿರು ಕಟ್ಟಿ ಸತ್ತಾಗ ಅಮೆರಿಕದ ಈ ವೈರಸ್ ಪತ್ತೆಯಾಯಿತು. 2012ರಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ನ್ಯಾಷನಲ್ ಪಾರ್ಕ್‌ಗೆ ಹೋಗಿದ್ದ 10 ಜನರಿಗೆ ತಗುಲಿ 3 ಜನ ಸತ್ತರು. ಅಪರೂಪದ ಕಾಯಿಲೆ, ಅದು ನಿಜ. 2022ರ ಕೊನೆಯವರೆಗೆ ಇಡೀ ಅಮೆರಿಕದಲ್ಲಿ ಸಿಕ್ಕಿದ್ದು 864 ಪ್ರಕರಣ. ಆದರೆ ಶ್ವಾಸಕೋಶಕ್ಕೆ ಇಳಿದರೆ ಹತ್ತರಲ್ಲಿ ಹೆಚ್ಚುಕಡಿಮೆ ನಾಲ್ವರು ಉಳಿಯುವುದಿಲ್ಲ.

ಅಮ್ಮನಿಗೆ ಹೇಳಿದೆ. “ನಮ್ಮಲ್ಲಿ ಮಂಗ, ಇಲ್ಲಿ ಇಲಿ” ಅಂದಳು, ಅಷ್ಟೇ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದ ಕ್ಯಾಸನೂರು ನಮ್ಮ ಪಕ್ಕದ ಸೊರಬ ತಾಲ್ಲೂಕಿನದು. ಮಂಗ ಸತ್ತ ಕಾಡಿಗೆ ಕಾಲಿಡಬೇಡಿ ಅಂತ ಬೈದು ನಮ್ಮನ್ನು ಬೆಳೆಸಿದವಳು ಅವಳು. ಅವಳ ಕಾಡು ಅವಳಿಗೆ ಗೊತ್ತಿತ್ತು. ಇಲ್ಲಿಯದನ್ನು ನಾನು ತಿಳಿದುಕೊಂಡು ಹೇಳಬೇಕಿತ್ತು, ಅಲ್ವಾ?

ಈ ಕಾಯಿಲೆ ಒಂದು ವಾರದಿಂದ ಎಂಟು ವಾರದೊಳಗೆ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು. ಶುರುವಿನಲ್ಲಿ ಬರೀ ಜ್ವರ, ಸುಸ್ತು, ಸೊಂಟ ತೊಡೆ ನೋವು. ಕೆಮ್ಮು, ಏದುಸಿರು ಆಮೇಲೆ. ಹದಿಮೂರನೇ ದಿನ ಅಮ್ಮನಿಗೆ ಜ್ವರ ಬಂತು. ಕ್ಲಿನಿಕ್‌ನಲ್ಲಿ ವೈರಲ್ ಅಂದರು, ಮಾತ್ರೆ ಬರೆದರು. ಇಲಿ ಹಿಕ್ಕೆ ಗುಡಿಸಿದ ವಿಷಯ ನಾನು ಬಾಯಿಬಿಟ್ಟ ಮೇಲೆ ಡಾಕ್ಟರ ಮುಖವೇ ಬದಲಾಯಿತು. ಕೂಡಲೇ ರಕ್ತ ತೆಗೆದರು, ಪ್ಲೇಟ್‌ಲೆಟ್ ನೋಡಿದರು, ಮರುದಿನ ಮತ್ತೆ ಕರೆಸಿದರು. ನಾವಾಗಿ ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಪುಣ್ಯಕ್ಕೆ ಸಾದಾ ಜ್ವರ, ಮೂರು ದಿನಕ್ಕೆ ಇಳಿಯಿತು. ವಿಸಿಟರ್ ಇನ್ಶೂರೆನ್ಸ್ ಕಥೆ ಕೇಳಬೇಡಿ, ಅದಕ್ಕೆ ಬೇರೆಯೇ ಬರೆಯಬೇಕು.

ಹೋಗುವುದಾದರೆ ಬೆಳಕಿರುವಾಗಲೇ ತಲುಪಿ. ಬಾಗಿಲು ಕಿಟಕಿ ಎಲ್ಲ ತೆರೆದು ಅರ್ಧ ಗಂಟೆ ಹೊರಗೇ ಇರಿ. ಜೊತೆಗೆ ಬ್ಲೀಚ್, ರಬ್ಬರ್ ಗ್ಲೌಸ್, ಪೇಪರ್ ಟವೆಲ್ ಇರಲಿ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ, ಹಿಕ್ಕೆ ಪೂರ್ತಿ ತೊಯ್ಯುವ ಹಾಗೆ ಚಿಮುಕಿಸಿ, ಐದು ನಿಮಿಷ ಬಿಟ್ಟು ಒರೆಸಿ ತೆಗೆಯಿರಿ. ಪೊರಕೆನೂ ಬೇಡ, ವ್ಯಾಕ್ಯೂಮ್ ಕೂಡ ಬೇಡ. ಮನೆ ತುಂಬ ಹಿಕ್ಕೆ, ಹಾಸಿಗೆಯಲ್ಲಿ ಗೂಡು ಕಂಡರೆ ಸುಮ್ನೆ ವಾಪಸ್ ಬನ್ನಿ. ದುಡ್ಡು ಹೋದರೆ ಹೋಗಲಿ.

ನಲವತ್ತನೇ ದಿನ ಅಮ್ಮನ ವಿಮಾನ. ಊರಲ್ಲಿ ಜ್ವರ ಬಂದರೆ ಡಾಕ್ಟರಿಗೆ ತೋರಿಸಲಿ ಅಂತ ಕಾಯಿಲೆಯ ಹೆಸರು, ಗುಡಿಸಿದ ತಾರೀಕು, ಎರಡನ್ನೂ ಒಂದು ಚೀಟಿಯಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದು ಅವಳ ಪರ್ಸಿಗೆ ಹಾಕಿದೆ. ಐವತ್ತಾರನೇ ದಿನ ಫೋನ್ ಮಾಡಿದಾಗ ಅವಳು ಕೇಳಿದ್ದು ಇಷ್ಟೇ: “ಆ ಚೀಟಿ ಇನ್ನು ಬಿಸಾಕಬಹುದೇನೋ?”