ಬೆಳಕಿಗೆ ಕಾಯುವವರ ಸ್ವೆಟರ್: ಅಲ್ಪಾಕಾ ಉಣ್ಣೆಯನ್ನು ವರ್ಷಗಟ್ಟಲೆ ತೊಟ್ಟ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಅಲ್ಪಾಕಾ ಅಂದರೆ ದಕ್ಷಿಣ ಅಮೆರಿಕದ ಬೆಟ್ಟಗಳಲ್ಲಿ ಉಣ್ಣೆಗಾಗಿ ಸಾಕುವ, ಒಂಟೆಯ ಕುಲದ ಪ್ರಾಣಿ. ಬೆಟ್ಟದಲ್ಲಿ ನಿಂತು ಫೋಟೋ ತೆಗೆಯುವವರಿಗೆ ಅದರ ಉಣ್ಣೆಯ ಸ್ವೆಟರ್ ತುಂಬ ಒಳ್ಳೆಯದು. ಬೆಟ್ಟ ಹತ್ತುವವರಿಗೆ ಅಷ್ಟಕ್ಕಷ್ಟೆ. ಎರಡನ್ನೂ ಮಾಡುವವರು ಒಬ್ಬರೇ ಅಲ್ವಾ ಅಂತ ನೀವು ಕೇಳಬಹುದು. ಹೌದು, ಆದರೆ ಒಂದೇ ಹೊತ್ತಿಗೆ ಅಲ್ಲ. ಬ್ಯಾಗು ಹೊತ್ತು ಏರುವಾಗ ಬೆನ್ನೆಲ್ಲ ಬೆವರು. ಮೇಲೆ ಹೋಗಿ ಟ್ರೈಪಾಡ್ ನಿಲ್ಲಿಸಿ ಬೆಳಕಿಗೆ ಕಾಯುತ್ತ ನಿಂತರೆ ಸ್ವಲ್ಪ ಹೊತ್ತಿಗೇ ಹಲ್ಲು ಕಟಕಟ. ಈ ಸ್ವೆಟರ್ ಇರುವುದು ಆ ಎರಡನೇ ಹೊತ್ತಿಗೆ.

ನನ್ನದು ಪೆರು ದೇಶದ ಅರೆಕಿಪಾದಲ್ಲಿ ಕೊಂಡದ್ದು. ಬಣ್ಣ ಹಾಕದ ಕಂದು, ಗುಂಡು ಕುತ್ತಿಗೆ, ಯಂತ್ರದಲ್ಲಿ ಹೆಣೆದದ್ದು. ಚೀಟಿಯಲ್ಲಿ ನೂರಕ್ಕೆ ನೂರು ಬೇಬಿ ಅಲ್ಪಾಕಾ ಎಂದಿತ್ತು. ಅಂಗಡಿ ಹೆಸರು ಬೇಡ, ಹೇಳಬೇಕಿರುವುದು ಉಣ್ಣೆಯ ಬಗ್ಗೆ. ಆಮೇಲೆ ಅದು ಕೋಲ್ಕಾ ಕಣಿವೆ ನೋಡಿದೆ, ಔಸಂಗಾತೆ ಪರ್ವತದ ಸುತ್ತು ಹಾಕಿದೆ, ಲಡಾಖಿನ ಚಳಿಗಾಲಕ್ಕೆ ಹೋಗಿ ಬಂದಿದೆ, ಬೆಂಗಳೂರಿನ ಬೀರುವಿನಲ್ಲಿ ಮಳೆಗಾಲಗಳನ್ನೂ ಕಳೆದಿದೆ. ಕೊಂಡ ವಾರವೇ ಬರೆಯುವ ವಿಮರ್ಶೆಯಲ್ಲಿ ಎಲ್ಲವೂ ಮೆತ್ತಗೆ, ಎಲ್ಲವೂ ಬೆಚ್ಚಗೆ. ಸರಕಿನ ಹಣೆಬರಹ ತಿಳಿಯುವುದು ಮೊಣಕೈ ಸವೆಯಲು ಶುರುವಾದ ಮೇಲೆ.

ಅರೆಕಿಪಾ ಇರುವುದು ಸುಮಾರು 2,300 ಮೀಟರ್ ಎತ್ತರದಲ್ಲಿ. ಊರಿನ ಬೆನ್ನಿಗೇ 5,822 ಮೀಟರಿನ ಮಿಸ್ತಿ ಜ್ವಾಲಾಮುಖಿ. ಅಲ್ಲಿಂದ ಕೋಲ್ಕಾಗೆ ಹೋಗುವ ರಸ್ತೆ ಸಲಿನಾಸ್ ಇ ಅಗುವಾದಾ ಬ್ಲಾಂಕಾ ಎಂಬ ರಕ್ಷಿತ ಪ್ರದೇಶವನ್ನು ಹಾದು ಹೋಗುತ್ತದೆ. ಒಣ ಬಯಲಿನಲ್ಲಿ ಅಲ್ಪಾಕಾದ ಕಾಡು ಸಂಬಂಧಿಗಳಾದ ವಿಕುನ್ಯಾಗಳು, ಜೌಗು ಹುಲ್ಲುಗಾವಲಲ್ಲಿ ಅಲ್ಪಾಕಾ ಮತ್ತು ಲಾಮಾ ಮಂದೆಗಳು. ರಸ್ತೆ ಏರಿ ಏರಿ ಪಾತಾಪಂಪಾ ಘಾಟಿಯ ನೆತ್ತಿ ಮುಟ್ಟುವಾಗ ಎತ್ತರ 4,900 ಮೀಟರಿನ ಆಸುಪಾಸು. ಅಲ್ಲಿ ನಿಂತರೆ ಅಂಪಾತೋ, ಸಬಂಕಾಯಾ, ಹುವಾಲ್ಕಾ ಹುವಾಲ್ಕಾ ಮೂರೂ ಕಾಣುತ್ತವೆ. ಸಬಂಕಾಯಾ ಇನ್ನೂ ಜೀವಂತ ಜ್ವಾಲಾಮುಖಿ, ಆಗಾಗ ಬೂದಿ ಉಗುಳುತ್ತದೆ. ಪ್ರವಾಸಿಗರ ವ್ಯಾನು ಒಂದಿಷ್ಟು ಸೆಲ್ಫಿಗೆ ಸಮಯ ಕೊಟ್ಟು ಹೊರಟುಬಿಡುತ್ತದೆ. ಆ ಬೂದಿಮೋಡಕ್ಕೆ ಓರೆ ಬಿಸಿಲು ತಾಗುವ ಫೋಟೋ ಬೇಕು ಅಂದರೆ ಸ್ವಂತ ಗಾಡಿ ಮಾಡಿಕೊಂಡು ಹೋಗಿ ಕಾಯಬೇಕು.

ಸ್ವೆಟರಿಗೆ ಮೊದಲ ಪರೀಕ್ಷೆ ಅಲ್ಲೇ ಆಯಿತು. ಅದರ ದೊಡ್ಡ ಕೊರತೆ ಗೊತ್ತಾದದ್ದೂ ಅಲ್ಲೇ. ಗಾಳಿ ತಡೆಯುವ ಶಕ್ತಿ ಇದಕ್ಕೆ ಸೊನ್ನೆ. ಹೆಣಿಗೆಯ ಕಣ್ಣುಗಳಿಂದ ಗಾಳಿ ಸೀದಾ ಎದೆಗೆ ಬಡಿಯುತ್ತದೆ. ಮೇಲೊಂದು ತೆಳು ವಿಂಡ್‌ಚೀಟರ್ ಹಾಕಿ, ಒಳಗಿನ ಗಾಳಿ ಅಲ್ಲೇ ನಿಲ್ಲುತ್ತದೆ, ಐದೇ ನಿಮಿಷಕ್ಕೆ ಮೈ ಬೆಚ್ಚಗಾಗುತ್ತದೆ. ಹಾಗಾಗಿ ಸ್ವೆಟರ್ ಒಂದನ್ನೇ ನಂಬಿ ಎತ್ತರಕ್ಕೆ ಹೋಗಬೇಡಿ.

ಈ ಉಣ್ಣೆ ಯಾಕೆ ಇಷ್ಟು ಬೆಚ್ಚಗೆ ಅನ್ನುವುದನ್ನು ತಿಳಿಯಲು ಜೂನ್ ತಿಂಗಳ ಮುಂಜಾನೆ ಮಂದೆಯ ಪಕ್ಕ ನಿಂತರೆ ಸಾಕು. ಕುಸ್ಕೋ ಸೀಮೆಯ ಔಸಂಗಾತೆ 6,300 ಮೀಟರಿಗೂ ಜಾಸ್ತಿ ಎತ್ತರದ ಪರ್ವತ. ಸುತ್ತು ಹಾಕುವವರು ಸಾಮಾನ್ಯವಾಗಿ ತಿಂಕಿ ಹಳ್ಳಿಯಿಂದ ಹೊರಟು ಮೊದಲ ರಾತ್ರಿ ಉಪಿಸ್‌ನಲ್ಲಿ ಡೇರೆ ಹಾಕುತ್ತಾರೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಕಡಿಮೆ, ಆಕಾಶ ಶುಭ್ರ, ರಾತ್ರಿ ಬಾಟಲಿಯ ನೀರು ಕಲ್ಲಾಗುತ್ತದೆ. ಬೆಳಗ್ಗೆ ಹೊರಬಂದು ನೋಡಿದರೆ ಅಲ್ಪಾಕಾಗಳು ಕಾಲು ಮಡಚಿ ಮಲಗಿವೆ. ಬೆನ್ನಿನ ಮೇಲೆ ಬಿಳಿ ಹಿಮದ ಪುಡಿ, ಪಕ್ಕದ ಹುಲ್ಲಿನ ಮೇಲೆ ಇದ್ದ ಹಾಗೇ. ಒಂಚೂರೂ ಕರಗಿಲ್ಲ. ಒಳಗೆ ಬಿಸಿ ಮೈ, ಹೊರಗೆ ಕರಗದ ಹಿಮ, ನಡುವೆ ಬೆರಳುದ್ದದ ಉಣ್ಣೆ. ಮೈಯ ಕಾವು ಹೊರಗೆ ಸೋರುತ್ತಿದ್ದರೆ ಹಿಮ ನಿಲ್ಲುತ್ತಿತ್ತಾ? ಮೂಗಿನ ಹೊಳ್ಳೆಯ ಸುತ್ತ ಮಾತ್ರ ಒದ್ದೆ. ನಾನು ಮೊದಲು ತೆಗೆದದ್ದು ಆ ಬೆನ್ನುಗಳನ್ನೇ. ಪರ್ವತ ಎಲ್ಲಿಗೂ ಓಡಿಹೋಗುವುದಿಲ್ಲ, ಹಿಮದ ಪುಡಿ ಬಿಸಿಲು ಬಿದ್ದ ಕೂಡಲೇ ಮಾಯ.

ಕ್ಯಾಮೆರಾದವರಿಗೆ ಇಲ್ಲೊಂದು ಸಣ್ಣ ವಿಷಯ. ಚೌಕಟ್ಟಿನ ತುಂಬ ಬಿಳಿ ಅಲ್ಪಾಕಾ ಇದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಅದನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಅನ್ನು ಮುಕ್ಕಾಲು ಸ್ಟಾಪ್‌ನಿಂದ ಒಂದು ಸ್ಟಾಪ್‌ವರೆಗೆ ಏರಿಸಿ, ಆದರೆ ಬಿಸಿಲು ಬಿದ್ದ ಬೆನ್ನು ಸುಟ್ಟುಹೋಗದಂತೆ ಹಿಸ್ಟೋಗ್ರಾಮ್ (ಫೋಟೋದ ಬೆಳಕು ನೆರಳಿನ ಹಂಚಿಕೆ ತೋರಿಸುವ ನಕ್ಷೆ) ನೋಡುತ್ತಿರಿ. ಕಪ್ಪು ಪ್ರಾಣಿಗೆ ಇದು ತಿರುಗುಮುರುಗು. ಹತ್ತಿರ ಹೋಗಲು ಅವಸರ ಬೇಡ. ಸುಮ್ನೆ ಕೆಳಗೆ ಕೂತರೆ ಅವೇ ಕುತ್ತಿಗೆ ಚಾಚಿ ನೋಡಲು ಬರುತ್ತವೆ, ಬಾಯಿ ಮುಚ್ಚಿಕೊಂಡೇ ಹ್ಞೂಂಗುಡುತ್ತವೆ. ಹೆಣಿಗೆಯ ಸ್ವೆಟರಿನ ಒಂದು ಲಾಭ ನನಗೆ ಹೊಳೆದದ್ದು ಆಗ: ಇದು ಸದ್ದು ಮಾಡುವುದಿಲ್ಲ. ನೈಲಾನ್ ಜಾಕೆಟ್ ತೋಳೆತ್ತಿದರೆ ಸರಸರ ಅನ್ನುತ್ತದೆ, ಅಲ್ಪಾಕಾ ತಲೆಕೆಡಿಸಿಕೊಳ್ಳದಿದ್ದರೂ ವಿಕುನ್ಯಾ ಕಾಲು ಕೀಳುತ್ತದೆ. ಗಾಳಿ ಇಲ್ಲದ ಬೆಳಗಿನಲ್ಲಿ ನಾನು ವಿಂಡ್‌ಚೀಟರ್ ಬಿಚ್ಚಿಟ್ಟೇ ಕೆಲಸ ಮಾಡುತ್ತೇನೆ.

ಮಂದೆಯ ಒಡತಿಯನ್ನು ಕೇಳದೆ ಫೋಟೋ ತೆಗೆಯಬೇಡಿ. ಕಿವಿಗೆ ಕಟ್ಟಿದ ಬಣ್ಣದ ನೂಲಿನ ಕುಚ್ಚು ಬರೀ ಅಲಂಕಾರಕ್ಕಲ್ಲ, ಯಾರ ಪ್ರಾಣಿ ಅಂತ ಗುರುತಿಸಲಿಕ್ಕೂ ಹೌದು. ಉಪಿಸ್ ಹತ್ತಿರ ಒಬ್ಬ ಅಜ್ಜಿ ನನ್ನ ಸ್ವೆಟರಿನ ತುದಿ ಹಿಡಿದು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದರು. ಗೈಡ್ ಅವರನ್ನು 'ಮಮಿತಾ' (ಅಮ್ಮ) ಎಂದು ಕರೆದು ಕೆಚುವಾ ಭಾಷೆಯಲ್ಲಿ ಏನೋ ಕೇಳಿ ನನಗೆ ಹೇಳಿದ, "ಕಂದು ಯಾಕೆ ತಗೊಂಡ್ರಿ ಅಂತಾರೆ. ಕೊಳ್ಳೋಕೆ ಬರೋರೆಲ್ಲ ಬಿಳಿನೇ ಕೇಳ್ತಾರಂತೆ." ವಿಷಯ ನಿಜ. ಬಿಳಿಗೆ ಯಾವ ಬಣ್ಣ ಬೇಕಾದರೂ ಹಾಕಬಹುದು, ಹಾಗಾಗಿ ಗಿರಣಿಗಳಿಗೆ ಬಿಳಿಯೇ ಬೇಕು. ಸಾಕುವವರೂ ಬಿಳಿಯನ್ನೇ ಬೆಳೆಸುತ್ತ ಹೋಗಿ ಕಂದು, ಬೂದು, ಕಪ್ಪು ಪ್ರಾಣಿಗಳು ಮಂದೆಯಲ್ಲಿ ಕಡಿಮೆಯಾಗಿವೆ. ನಿಮಗೆ ಆಯ್ಕೆ ಇದ್ದರೆ ಸಹಜ ಬಣ್ಣದ್ದನ್ನೇ ತಗೊಳ್ಳಿ. ನನ್ನದು ಇಷ್ಟು ಒಗೆತದ ಮೇಲೂ ಮಾಸಿಲ್ಲ.

ಬೇಬಿ ಅಲ್ಪಾಕಾ ಅಂದರೆ ಮರಿಯ ಉಣ್ಣೆ ಎಂದುಕೊಂಡು ಕೊಳ್ಳಲು ಹಿಂಜರಿಯುವವರಿದ್ದಾರೆ. ಅದು ಎಳೆಯ ಸಪೂರತನದ ದರ್ಜೆ ಅಷ್ಟೆ, ಹೆಚ್ಚುಕಡಿಮೆ 22-23 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಒಳಗಿನದು. ದೊಡ್ಡ ಪ್ರಾಣಿಯ ಮೈಯಿಂದಲೂ ಬರುತ್ತದೆ. ಕತ್ತರಿಸಿದ ಉಣ್ಣೆಯನ್ನು ಅರೆಕಿಪಾದಲ್ಲಿ ಹೆಂಗಸರು ಕೂತು ಕೈಯಲ್ಲೇ ಮುಟ್ಟಿ ಮುಟ್ಟಿ ಬೇರೆ ಮಾಡುತ್ತಾರೆ. ಮುಷ್ಟಿಯಷ್ಟು ಕಿತ್ತು, ಬೆರಳಲ್ಲಿ ಒಮ್ಮೆ ಸವರಿ, ಕಣ್ಣು ಬೇರೆಲ್ಲೋ ಇಟ್ಟುಕೊಂಡೇ ಸರಿಯಾದ ರಾಶಿಗೆ ಎಸೆಯುತ್ತಾರೆ. ನೋಡುತ್ತ ನಿಂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಮೈಗೆ ಹೇಗೆ ಅಂತ ಕೇಳಿದರೆ: ನಮ್ಮ ಕುರುಬರ ಕಂಬಳಿ ಮಳೆ ಚಳಿ ಎರಡಕ್ಕೂ ಗಟ್ಟಿ, ಆದರೆ ಬರಿ ಮೈಗೆ ಚುಚ್ಚುತ್ತದೆ. ಇದು ಚುಚ್ಚುವುದಿಲ್ಲ, ಆದರೆ ಕಂಬಳಿಯ ಗಟ್ಟಿತನ ಇದಕ್ಕಿಲ್ಲ.

ಗಟ್ಟಿತನದ ಮಾತು ಬಂತಲ್ಲ, ದೂರುಗಳನ್ನು ಹೇಳಿಬಿಡುತ್ತೇನೆ. ಕ್ಯಾಮೆರಾ ಬ್ಯಾಗಿನ ಪಟ್ಟಿ ಉಜ್ಜುವ ಹೆಗಲ ಮೇಲೆ ಸಣ್ಣ ಸಣ್ಣ ಗಂಟುಗಳು ಏಳುತ್ತವೆ. ಮೊದಲ ಪ್ರವಾಸದಲ್ಲೇ ಎದ್ದವು. ಹೊಲಿಗೆಯ ಕತ್ತರಿಯಲ್ಲಿ ಕತ್ತರಿಸಿದರೆ ಹೋಗುತ್ತವೆ, ಮತ್ತೆ ಬರುತ್ತವೆ. ಎರಡನೆಯದು, ಅಲ್ಪಾಕಾ ಎಳೆಗೆ ಕುರಿ ಉಣ್ಣೆಯಷ್ಟು ಪುಟಿಯುವ ಗುಣ ಇಲ್ಲ. ಹಿಗ್ಗಿದ್ದು ವಾಪಸ್ ಕುಗ್ಗುವುದು ಕಷ್ಟ. ನನ್ನ ಸ್ವೆಟರಿನ ಅಂಚು ಈಗ ಕೊಂಡಾಗಿನದಕ್ಕಿಂತ ಕೆಳಗೆ ಬರುತ್ತದೆ, ತೋಳು ಅಂಗೈ ಮುಚ್ಚುತ್ತದೆ. ಚಳಿಯಲ್ಲಿ ಅದೂ ಒಂದು ಅನುಕೂಲ ಅನ್ನಿ, ಆದರೆ ಶಟರ್ ಬಟನ್ ಹುಡುಕುವಾಗ ರಗಳೆ.

ಮೂರನೆಯದು ಬೇರೆ ಯಾರ ವಿಮರ್ಶೆಯಲ್ಲೂ ನನಗೆ ಕಂಡಿಲ್ಲ. ಈ ಉಣ್ಣೆ ಕೂದಲು ಉದುರಿಸುತ್ತದೆ. ಎತ್ತರದ ಒಣ ಹವೆಯಲ್ಲಿ ಸ್ಥಿರ ವಿದ್ಯುತ್ ಬೇರೆ. ಲೆನ್ಸ್ ಬದಲಾಯಿಸುವಾಗ ಒಂದು ಎಳೆ ಹಾರಿ ಒಳಗಿನ ಸೆನ್ಸರ್ ಮೇಲೆ ಬಿದ್ದರೆ ಮುಗಿಯಿತು, ನೀಲಿ ಆಕಾಶದ ಪ್ರತಿ ಫೋಟೋದಲ್ಲೂ ಡೊಂಕು ಗೆರೆ. ಔಸಂಗಾತೆಯಲ್ಲಿ ಪಾಲೊಮಾನಿ ಘಾಟಿ ದಾಟಿದ ದಿನದ ಫೋಟೋಗಳನ್ನು ದೊಡ್ಡ ಪರದೆಯಲ್ಲಿ ತೆರೆದಾಗ ಅಂಥ ಗೆರೆ ಕಂಡಿತು. ಬ್ರಶ್ಶಿಗೂ ಬ್ಲೋಯರಿಗೂ ಜಗ್ಗದೆ, ಒದ್ದೆ ಸ್ವಾಬ್ ಹಾಕಿದ ಮೇಲಷ್ಟೇ ಹೋಯಿತು. ಅಂದಿನಿಂದ ಲೆನ್ಸ್ ತೆಗೆಯುವ ಮುಂಚೆ ವಿಂಡ್‌ಚೀಟರಿನ ಜಿಪ್ ಕುತ್ತಿಗೆವರೆಗೆ ಎಳೆದುಕೊಳ್ಳುತ್ತೇನೆ, ಕ್ಯಾಮೆರಾದ ಬಾಯಿ ನೆಲಕ್ಕೆ ಮುಖ ಮಾಡಿರುತ್ತದೆ.

ಹತ್ತುವಾಗ ಯಾಕೆ ಬೇಡ ಅನ್ನುವುದನ್ನೂ ಹೇಳಬೇಕು. ಆಂಡಿಸ್‌ನಲ್ಲಿ ಬಿಸಿಲು ಬಂದರೆ ಸುಡು ಬಿಸಿಲು, ಮೋಡ ಅಡ್ಡ ಬಂದರೆ ಕೊರೆಯುವ ಚಳಿ. ಇದನ್ನು ತೊಟ್ಟು ಏರಿದರೆ ಅರ್ಧ ದಾರಿಯಲ್ಲೇ ಒಳಗೆ ಬೆವರಿನ ಸ್ನಾನ. ಒದ್ದೆಯಾದ ಸ್ವೆಟರ್ ತೂಗುತ್ತದೆ, ಜೋತು ಬೀಳುತ್ತದೆ, ಆ ಚಳಿಯಲ್ಲಿ ಬೇಗ ಒಣಗುವುದೂ ಇಲ್ಲ. ಬ್ಯಾಗಿನಲ್ಲಿ ಮೇಲ್ಗಡೆ ಇಟ್ಟುಕೊಂಡು, ನಿಂತ ಮೇಲೆ ಹಾಕಿಕೊಳ್ಳಿ. ಬ್ಯಾಟರಿಗಳನ್ನು ಒಳಗಿನ ಶರ್ಟಿನ ಜೇಬಿಗೆ ಹಾಕಿ ಮೇಲೆ ಸ್ವೆಟರ್ ತೊಟ್ಟರೆ ಅವೂ ಬೆಚ್ಚಗಿರುತ್ತವೆ. ಚಳಿಗೆ ಸತ್ತಂತೆ ತೋರಿಸುವ ಬ್ಯಾಟರಿ ಮೈಯ ಬಿಸಿಗೆ ಮತ್ತೆ ಸ್ವಲ್ಪ ಹೊತ್ತು ಓಡುತ್ತದೆ. ಬ್ಯಾಗಿನ ಭಾರದ ಬಗ್ಗೆ ಗೊಣಗುವಾಗ ನನಗೆ ಪೆರುವಿನ ಹಳೆಯ ಫೋಟೋಗ್ರಾಫರ್ ಮಾರ್ತಿನ್ ಚಾಂಬಿ ನೆನಪಾಗುತ್ತಾರೆ. 1891ರಲ್ಲಿ ಪುನೋ ಸೀಮೆಯ ಕೋವಾಸಾದಲ್ಲಿ ಕೆಚುವಾ ಮಾತಾಡುವ ಬಡ ಮನೆಯಲ್ಲಿ ಹುಟ್ಟಿದವರು. ಅರೆಕಿಪಾದಲ್ಲಿ ಕೆಲಸ ಕಲಿತು, ಕುಸ್ಕೋದಲ್ಲಿ ಸ್ಟುಡಿಯೋ ನಡೆಸಿ, ಇದೇ ಬೆಟ್ಟಗಳಲ್ಲಿ ಗಾಜಿನ ಪ್ಲೇಟುಗಳನ್ನು ಸಾಗಿಸಿ ಫೋಟೋ ತೆಗೆದರು. ನಮ್ಮದು ಏನು ಮಹಾ!

ಲಡಾಖಿನಲ್ಲಿ ಇದು ನಿಜಕ್ಕೂ ಗೆದ್ದಿತು. ಹಿಮಚಿರತೆಗೆ ಕಾಯುವುದು ಅಂದರೆ ದಿನವಿಡೀ ಎದುರಿನ ಬಂಡೆ ನೋಡುತ್ತ ನಿಲ್ಲುವುದು. ಒಳಗೆ ತೆಳು ಥರ್ಮಲ್, ನಡುವೆ ಅಲ್ಪಾಕಾ, ಮೇಲೆ ಡೌನ್ ಜಾಕೆಟ್. ಅಷ್ಟು ದಿನ ತೊಟ್ಟರೂ ಬೆವರಿನ ವಾಸನೆ ಹಿಡಿಯಲಿಲ್ಲ.

ಒಗೆಯುವುದು ಸುಲಭ. ತಣ್ಣೀರು, ಚೂರು ಬೇಬಿ ಶಾಂಪೂ, ಹಿಂಡಬೇಡಿ. ಟವೆಲ್ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ಹ್ಯಾಂಗರಿಗೆ ನೇತು ಹಾಕಿದರೆ ಮೊಣಕಾಲಿಗೆ ಬರುತ್ತದೆ. ನಮ್ಮ ಕಡೆ ದೊಡ್ಡ ಶತ್ರು ಮಳೆಗಾಲ. ಉಣ್ಣೆ ಹುಳಕ್ಕೆ ಕುರಿ, ಅಲ್ಪಾಕಾ ಭೇದ ಇಲ್ಲ. ಚೆನ್ನಾಗಿ ಒಗೆದು, ಪೂರ್ತಿ ಒಣಗಿಸಿ, ಜಿಪ್ ಇರುವ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಲೆನ್ಸಿಗೆ ಫಂಗಸ್ ಬರದಂತೆ ಡ್ರೈ ಕ್ಯಾಬಿನೆಟ್ ಇಟ್ಟುಕೊಂಡವರಿಗೆ ಇದೇನು ಹೊಸದಲ್ಲ.

ಕೊಳ್ಳುವವರು ಮೋಸದ ಬಗ್ಗೆ ಹುಷಾರು. ಕುಸ್ಕೋ ಸುತ್ತಮುತ್ತಲಿನ ಪ್ರವಾಸಿ ಸಂತೆಗಳಲ್ಲಿ ಬೇಬಿ ಅಲ್ಪಾಕಾ ಅಂತ ರಾಶಿ ಹಾಕಿ ಅಗ್ಗಕ್ಕೆ ಮಾರುವುದರಲ್ಲಿ ಎಷ್ಟೋ ಅಕ್ರಿಲಿಕ್, ಇಲ್ಲವೇ ಬೆರಕೆ. ಅಪ್ಪಟ ಉಣ್ಣೆ ಕೈಗೆ ಮೊದಲು ತಣ್ಣಗೆ ತಾಗುತ್ತದೆ, ಎತ್ತಿದರೆ ತುಸು ಭಾರ, ಜೋತು ಬೀಳುತ್ತದೆ. ಅಕ್ರಿಲಿಕ್ ಹಗುರ, ಅತಿಯಾದ ಹೊಳಪು. ಮನೆಗೆ ತಂದ ಮೇಲೆ ಒಳಹೊಲಿಗೆಯ ಒಂದು ಎಳೆ ಕಿತ್ತು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಜೊತೆಗೆ ಬಂದಿದ್ದ ಗೆಳೆಯನ ಎರಡು ಸ್ವೆಟರ್‌ಗಳಲ್ಲಿ ಒಂದು ಹೀಗೆ ಮಣಿಯಾಯಿತು. ವಿಕುನ್ಯಾ ಅಂತ ಯಾರಾದರೂ ಸಂತೆಯಲ್ಲಿ ತೋರಿಸಿದರೆ ಕೇಳಲೂ ಹೋಗಬೇಡಿ. ಆ ಉಣ್ಣೆಯ ವ್ಯಾಪಾರಕ್ಕೆ ಕಾನೂನಿನ ಕಟ್ಟುಪಾಡು ಇದೆ, ಬೆಲೆ ನಮ್ಮ ಲೆನ್ಸುಗಳನ್ನೇ ನಾಚಿಸುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಸೆನ್ಸರ್ ಮೇಲೆ ಬಿದ್ದ ಕೂದಲಿಗೆ. ಇದು ಹರಿದರೆ ಮತ್ತೆ ಅಲ್ಪಾಕಾವನ್ನೇ ಕೊಳ್ಳುತ್ತೇನೆ, ಆದರೆ ನೂರಕ್ಕೆ ನೂರರದ್ದಲ್ಲ. ಸ್ವಲ್ಪ ಮೆರಿನೋ ಕುರಿಯ ಉಣ್ಣೆ ಬೆರೆಸಿದ್ದು ಆಕಾರ ಬಿಡುವುದು ಕಡಿಮೆ. ಗುಂಡು ಕುತ್ತಿಗೆಯ ಬದಲು ಅರ್ಧ ಜಿಪ್ ಇರುವುದು, ಅಳತೆಯಲ್ಲಿ ಒಂದು ಸೈಜ್ ಚಿಕ್ಕದು. ಹೇಗಿದ್ದರೂ ಹಿಗ್ಗುತ್ತದಲ್ಲ.