ನ್ಯಾಯ ದೇಗುಲದ ಮೀಡಿಯೇಷನ್: ಒಬ್ಬ ಮನೆ ಓನರ್ ಕೊಡುವ ಮಾರ್ಕ್ಸ್

ಮೊದಲೇ ಹೇಳಿಬಿಡುತ್ತೇನೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಸ್ಟಾರ್ ಕೊಡುವುದು ನನಗೆ ಬರುವುದಿಲ್ಲ, ಮಾರ್ಕ್ಸ್ ಕೊಡುವುದು ಬರುತ್ತದೆ. ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಅನ್ನುವ ಕಟ್ಟಡದಲ್ಲಿರುವ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಎಲ್ಲರೂ ಮೀಡಿಯೇಷನ್ ಸೆಂಟರ್ ಅನ್ನುವ ಜಾಗಕ್ಕೆ, 25ಕ್ಕೆ 22. ಮನೆ ಓನರ್ ಆಗಿ ನನಗೆ ನಾನೇ ಹಾಕಿಕೊಂಡದ್ದು 25ಕ್ಕೆ 9.

ನಮ್ಮ ಮನೆ ಹನುಮಂತನಗರದಲ್ಲಿ. 30-40 ಸೈಟು. ಕೆಳಗೆ ನಾನು, ಮೇಲೆ ಬಾಡಿಗೆಯವರು. ಬಾಡಿಗೆ 18,000. ಅಡ್ವಾನ್ಸ್ ಹತ್ತು ತಿಂಗಳದ್ದು, 1,80,000. ಗಂಡ, ಹೆಂಡತಿ, ಒಬ್ಬ ಮಗ. ನಾಲ್ಕು ವರ್ಷ ಒಂದು ಮಾತು ಬಂದಿರಲಿಲ್ಲ. ಯುಗಾದಿಗೆ ಒಬ್ಬಟ್ಟಿನ ಡಬ್ಬಿ ಮೇಲೆ ಹೋಗಿ ಕೆಳಗೆ ಬರುವಾಗ ಅದರಲ್ಲಿ ಕೋಡುಬಳೆ ಇರುತ್ತಿತ್ತು. ಆಮೇಲೆ ಅವರ ಕೆಲಸ ಹೋಯಿತು. ಜೂನ್ ತಿಂಗಳ ಬಾಡಿಗೆ ಬರಲಿಲ್ಲ. ಕೇಳಿದರೆ, "ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ ಆಂಟಿ" ಅಂದರು. ಜುಲೈನಲ್ಲೂ ಅದೇ ಮಾತು. ದೀಪಾವಳಿ ಹೊತ್ತಿಗೆ ಮೆಟ್ಟಿಲ ಮೇಲೆ ಎದುರಾದರೂ ಮುಖ ಆ ಕಡೆ ತಿರುಗಿಸಿಕೊಂಡು ಹೋಗುವಷ್ಟಾಯಿತು.

ಆಗ ನಾನೊಂದು ದಡ್ಡ ಕೆಲಸ ಮಾಡಿದೆ. ಮೇಲಿನ ಮನೆಗೆ ಹೋಗುವ ನೀರಿನ ವಾಲ್ವ್ ತಿರುಗಿಸಿಬಿಟ್ಟೆ. ಎರಡು ದಿನ. ಸಿಟ್ಟು ಇಳಿದ ಮೇಲೆ ಬಿಟ್ಟೆ ಅನ್ನಿ. ಆದರೆ ಅವರು ಖಾಲಿ ನಲ್ಲಿಯ ವಿಡಿಯೋ ಮಾಡಿ ಇಟ್ಟುಕೊಂಡಿದ್ದರು. ನಮ್ಮ ವಕೀಲರು ಅದನ್ನು ಕೇಳಿ ಪೆನ್ನು ಕೆಳಗಿಟ್ಟರು. "ಮೇಡಂ, ಬಾಡಿಗೆ ಕೊಡದೇ ಇದ್ದದ್ದು ಅವರ ತಪ್ಪು. ನೀರು ನಿಲ್ಲಿಸಿದ್ದು ನಿಮ್ಮ ತಪ್ಪು. ಈಗ ಇಬ್ಬರೂ ಸಮ" ಅಂದರು. ನನ್ನ ಮಾರ್ಕ್ಸ್ ಹೋದದ್ದು ಇಲ್ಲೇ. ಇನ್ನೂ ಕೆಲವು ಹೋದದ್ದು ಕರಾರಿನಲ್ಲಿ. ಹನ್ನೊಂದು ತಿಂಗಳ ಕರಾರು ಒಂದು ಸಲ ಬರೆಸಿದ್ದು ಬಿಟ್ಟರೆ ಮತ್ತೆ ಬರೆಸಿಯೇ ಇರಲಿಲ್ಲ. ಬಾಡಿಗೆಯನ್ನೂ ಎಷ್ಟೋ ಸಲ ಕೈಯಲ್ಲೇ ತೆಗೆದುಕೊಂಡಿದ್ದೆ, ರಸೀದಿ ಇಲ್ಲ.

ಬಾಡಿಗೆ ಕೇಸು ಅಂದರೆ ರೆಂಟ್ ಕಂಟ್ರೋಲ್ ಕೇಸು ಅಂತಲೇ ನಾನು ತಿಳಿದಿದ್ದೆ. ನಮ್ಮ ತಂದೆಯ ಕಾಲದ ಮಾತು ಅದು. ಈಗ ಇರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಬೆಂಗಳೂರಿನಂಥ ಊರಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳು ಅದರ ಹೊರಗೆ. ಇವತ್ತು ಆ ದುಡ್ಡಿಗೆ ಗ್ಯಾರೇಜ್ ಕೂಡ ಸಿಗುವುದಿಲ್ಲ, ಅಲ್ವಾ? ಹಾಗಾಗಿ ನಮ್ಮಂಥವರ ದಾರಿ ಬೇರೆ. ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಕೊಡಬೇಕು, ಆಮೇಲೆ ಮನೆ ಖಾಲಿ ಮಾಡಿಸುವ ದಾವೆ ಹಾಕಬೇಕು. ಕೋರ್ಟ್ ಫೀ ಲೆಕ್ಕ ಹಾಕುವುದು ಒಂದು ವರ್ಷದ ಬಾಡಿಗೆಯ ಮೇಲೆ. ಫೆಬ್ರವರಿಯಲ್ಲಿ ನೋಟಿಸ್ ಹೋಯಿತು, ಏಪ್ರಿಲ್‌ನಲ್ಲಿ ದಾವೆ.

ಬೆಂಗಳೂರಿನಲ್ಲಿ ಇಂಥ ದಾವೆಗಳು ಹೋಗುವುದು ಸ್ಮಾಲ್ ಕಾಸಸ್ ಕೋರ್ಟಿಗೆ, ಅಂದರೆ ಸಣ್ಣ ವ್ಯಾಜ್ಯಗಳ ಕೋರ್ಟಿಗೆ. ಅಲ್ಲೇ ವಾಹನ ಅಪಘಾತದ ಪರಿಹಾರದ ಕೇಸುಗಳೂ ನಡೆಯುತ್ತವೆ. ಮೊದಲ ದಿನ ಕಾರಿಡಾರಿನ ಬೆಂಚಿನಲ್ಲಿ ನನ್ನ ಒಂದು ಪಕ್ಕ ಊರುಗೋಲು ಹಿಡಿದ ಹುಡುಗ, ಇನ್ನೊಂದು ಪಕ್ಕ ಎಕ್ಸ್‌ರೇ ಕವರ್ ಮಡಿಲಲ್ಲಿಟ್ಟುಕೊಂಡ ಹೆಂಗಸು. "ನಿಮಗೇನಾಗಿತ್ತಮ್ಮಾ?" ಅಂತ ಆಕೆ ಕೇಳಿದರು. ಬಾಡಿಗೆ ಬಂದಿಲ್ಲ ಅಂತ ಹೇಳಲು ಯಾಕೋ ನಾಚಿಕೆಯಾಯಿತು.

ಮೂರು ತಾರೀಕು ಸುಮ್ನೆ ಹೋಗಿ ಬಂದೆ. ಸಮನ್ಸ್ ಒಮ್ಮೆ ಜಾರಿಯಾಗದೆ ವಾಪಸ್ ಬಂತು, ಅವರು ಊರಿಗೆ ಹೋಗಿದ್ದರು. ಎರಡನೇ ಸಲ ಮುಟ್ಟಿತು. ಮೂರನೇ ಸಲ ಅವರ ವಕೀಲರು ವಕಾಲತ್ತು ಹಾಕಿ ವಾಯಿದೆ ಕೇಳಿದರು. ಆಮೇಲೆ ಗೊತ್ತಾದದ್ದು: ಸಾಕ್ಷಿ ಹೇಳುವ ದಿನವೋ, ಕೋರ್ಟು ಬರಲೇಬೇಕು ಅಂದ ದಿನವೋ ಬಿಟ್ಟರೆ, ವಕೀಲರಿದ್ದರೆ ನಾವು ಪ್ರತಿ ಸಲ ಹೋಗಬೇಕಾಗಿಲ್ಲ. ಕೇಸಿಗೆ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಆಪ್‌ನಲ್ಲಿ ಹಾಕಿದರೆ ಮುಂದಿನ ತಾರೀಕು ಮನೆಯಲ್ಲೇ ಕಾಣುತ್ತದೆ. ನಾನು ಅದನ್ನು ಹಾಲಿನ ಕ್ಯಾಲೆಂಡರಿನ ಹಿಂದೆ ಬರೆದುಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ಕೋರ್ಟು ಎರಡೂ ಕಡೆಯವರನ್ನು ಕೇಳಿ ಮೀಡಿಯೇಷನ್‌ಗೆ ಕಳಿಸಿತು. ನನಗೆ ಇಷ್ಟವಿರಲಿಲ್ಲ. ಪಂಚಾಯ್ತಿ ಮಾಡುವುದಕ್ಕಾ ನಾನು ಕೋರ್ಟಿಗೆ ಬಂದದ್ದು? ಮಾಲೀಕರು-ಬಾಡಿಗೆದಾರರ ಜಗಳ ಮೀಡಿಯೇಷನ್‌ಗೆ ತಕ್ಕದ್ದು ಅಂತ ಸುಪ್ರೀಂ ಕೋರ್ಟೇ 2010ರಲ್ಲಿ ಹೇಳಿದೆ, ಹೋಗಿ ಬನ್ನಿ, ಕಳೆದುಕೊಳ್ಳುವುದೇನಿಲ್ಲ ಅಂದರು ವಕೀಲರು.

ಈ ಕೇಂದ್ರ ಶುರುವಾದದ್ದು 2007ರ ಜನವರಿಯಲ್ಲಿ. ನಾನು ಶಾಂತಿನಗರ ಬಸ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದೆ. ಒಳಗೆ ಕಟಕಟೆ ಇಲ್ಲ, ಎತ್ತರದ ಪೀಠ ಇಲ್ಲ. ಒಂದು ಕೋಣೆ, ಒಂದು ಮೇಜು, ಸುತ್ತ ಒಂದೇ ಥರದ ಕುರ್ಚಿಗಳು. ಎದುರಿಗೆ ಮೇಲಿನ ಮನೆಯವರು, ಪಕ್ಕದಲ್ಲಿ ಅವರ ಹೆಂಡತಿ. ಮೀಡಿಯೇಟರ್ ಒಬ್ಬ ಮಹಿಳಾ ವಕೀಲರು. ಮೂರು ಮಾತು ಮೊದಲೇ ಹೇಳಿದರು. ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಇಲ್ಲಿ ಆಡಿದ್ದನ್ನು ಕೋರ್ಟಿನಲ್ಲಿ ಯಾರೂ ಎತ್ತುವಂತಿಲ್ಲ. ನನಗೆ ನೀವು ಫೀಸು ಕೊಡಬೇಕಾಗಿಲ್ಲ.

ಮೊದಲು ಎಲ್ಲರೂ ಒಟ್ಟಿಗೆ ಕೂತೆವು. ನಾನು ಇಪ್ಪತ್ತು ನಿಮಿಷ ಮಾತಾಡಿದೆ. ಆಕೆ ತಡೆಯಲಿಲ್ಲ. ಕೋರ್ಟಿನಲ್ಲಿ ಅಷ್ಟು ತಿಂಗಳಲ್ಲಿ ನನ್ನ ಬಾಯಿಂದ ಒಂದೇ ಒಂದು ಪದ ಬಂದಿತ್ತು, ಹೆಸರು ಕೂಗಿದಾಗ ಹೇಳಿದ "ಇದ್ದೀನಿ". ಆಮೇಲೆ ಮೇಲಿನ ಮನೆಯವರು ಮಾತಾಡಿದರು. ನೀರಿನ ವಿಷಯ ಬಂತು. ಬೋರ್‌ವೆಲ್ ಮೋಟಾರ್ ಸುಟ್ಟಾಗ ತಾನೇ 22,000 ಹಾಕಿ ರಿಪೇರಿ ಮಾಡಿಸಿದ ವಿಷಯವೂ ಬಂತು. ನಿಜ, ನಾನು ಆಗ ಮಗನ ಮನೆಗೆ ಪುಣೆಗೆ ಹೋಗಿದ್ದೆ. ಬಂದ ಮೇಲೆ ಕೊಡುತ್ತೇನೆ ಅಂದಿದ್ದೆ. ಮರೆತಿದ್ದೆ.

ಆಮೇಲೆ ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಮಾತಾಡಿಸಿದರು. ಅವರನ್ನು ಮಾತಾಡಿಸಿ, ಅವರ ಒಪ್ಪಿಗೆ ತೆಗೆದುಕೊಂಡು ಬಂದು ನನಗೆ ಒಂದು ಪ್ರಶ್ನೆ ಕೇಳಿದರು. "ಮೇಡಂ, ಇವರು ನಾಳೆಯೇ ಹೋಗುತ್ತಾರೆ ಅಂತ ಇಟ್ಟುಕೊಳ್ಳಿ. ಎಲ್ಲಿಗೆ ಹೋಗುತ್ತಾರೆ?"

ನನಗೆ ಹೊಳೆದೇ ಇರಲಿಲ್ಲ. ಅವರ ದುಡ್ಡೆಲ್ಲ ನನ್ನ ಹತ್ತಿರ ಅಡ್ವಾನ್ಸ್ ಆಗಿ ಕೂತಿತ್ತು, ಅದೂ ಬಾಡಿಗೆಯಲ್ಲಿ ಕರಗಿಹೋಗಿತ್ತು. ಹೊಸ ಮನೆಯ ಓನರ್ ಮತ್ತೆ ಹತ್ತು ತಿಂಗಳು ಕೇಳುತ್ತಾರೆ, ನಾನು ಕೇಳಿದ ಹಾಗೆ. ಕೈಯಲ್ಲಿ ಅಡ್ವಾನ್ಸ್ ಇಲ್ಲದೆ ಹೊರಡಲು ಆಗುವುದಿಲ್ಲ, ಹೊರಡದೇ ಇದ್ದರೆ ಬಾಕಿ ಬೆಳೆಯುತ್ತದೆ. ಹಟಕ್ಕೆ ಕೂತಿದ್ದಾರೆ ಅಂದುಕೊಂಡಿದ್ದೆ. ಸಿಕ್ಕಿಹಾಕಿಕೊಂಡಿದ್ದರು. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತದೆ. ಅದನ್ನು ಓದಿದಾಗ ನಾನು ನಕ್ಕಿದ್ದೆ.

ಎರಡನೇ ಸಲ ಕೂತಾಗ ಒಪ್ಪಂದವಾಯಿತು. ನವೆಂಬರ್ 30ಕ್ಕೆ ಖಾಲಿ. ಅಡ್ವಾನ್ಸ್ ಪೂರ್ತಿ ಬಾಕಿಯಲ್ಲಿ ವಜಾ. ಮೋಟಾರಿನ 22,000 ಕೂಡ ವಜಾ. ಉಳಿದ ಬಾಕಿ ನಾನು ಬಿಡುವುದು. ಕೀ ಕೊಟ್ಟ ದಿನ ಹೊಸ ಮನೆಯ ಅಡ್ವಾನ್ಸ್‌ಗೆ ನಾನೇ 40,000 ಕೊಡುವುದು.

ಮಗ ಫೋನಿನಲ್ಲಿ ಕೂಗಾಡಿದ. ಬಾಕಿ ಇರುವವರಿಗೆ ನಾವೇ ದುಡ್ಡು ಕೊಡುವುದಾ ಅಂತ. ನಾನು ಲೆಕ್ಕ ಹೇಳಿದೆ. ನವೆಂಬರಿಗೆ 18 ತಿಂಗಳು, 3,24,000. ಅಡ್ವಾನ್ಸ್, ಮೋಟಾರು ಕಳೆದರೆ 1,22,000. ಅದಕ್ಕೆ 40,000 ಸೇರಿಸು. 1,62,000, ಅಂದರೆ ಒಂಬತ್ತು ತಿಂಗಳ ಬಾಡಿಗೆ. ಸಾಕ್ಷಿ, ಪಾಟಿ ಸವಾಲು, ತೀರ್ಪು, ಆಮೇಲೆ ಅವರು ತೀರ್ಪು ಮರುಪರಿಶೀಲಿಸಿ ಅಂತ ಹೈಕೋರ್ಟಿಗೆ ರಿವಿಷನ್ ಹೋದರೆ ಅದು, ಆಮೇಲೆ ಅಮಲ್ಜಾರಿ, ಅಂದರೆ ತೀರ್ಪನ್ನು ಜಾರಿ ಮಾಡಿಸುವುದು, ಅದಕ್ಕೆ ಬರುವ ಕೋರ್ಟಿನ ಅಮೀನ. ಇಷ್ಟೂ ಒಂಬತ್ತು ತಿಂಗಳಲ್ಲಿ ಮುಗಿಯುತ್ತದೆ ಅಂತ ನೀನು ಬರೆದುಕೊಡು ಅಂದೆ. ಫೋನು ಇಟ್ಟ.

ಒಪ್ಪಂದಕ್ಕೆ ಎಲ್ಲರೂ ಸಹಿ ಹಾಕಿದ ಮೇಲೆ ಅದು ಕೋರ್ಟಿಗೆ ವಾಪಸ್ ಹೋಗುತ್ತದೆ. ಜಡ್ಜ್ ಇಬ್ಬರನ್ನೂ ಕೇಳಿ ಅದನ್ನು ಡಿಕ್ರಿ, ಅಂದರೆ ಕೋರ್ಟಿನ ಆದೇಶ, ಮಾಡುತ್ತಾರೆ. ಮಾತು ತಪ್ಪಿದರೆ ಹೊಸ ಕೇಸು ಬೇಕಿಲ್ಲ, ನೇರ ಅಮಲ್ಜಾರಿ. ಖಾಲಿ ಪಂಚಾಯ್ತಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಕಳೆದ ಮೂರು ಮಾರ್ಕ್ಸ್ ಯಾಕೆ ಅಂದರೆ, "ನೀವು ಸರಿ, ಅವರು ತಪ್ಪು" ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ಅದು ಮೀಡಿಯೇಷನ್‌ನ ಸ್ವಭಾವ. ನನಗೆ ಆ ಒಂದು ಮಾತು ಬೇಕಿತ್ತು, ಈಗಲೂ ಬೇಕು. ಮತ್ತೆ ಎದುರಿನವರು ಬರಲೇ ಇಲ್ಲ ಅಂದರೆ, ಅಥವಾ ಮನೆ ನುಂಗಬೇಕು ಅಂತಲೇ ಕೂತಿದ್ದರೆ, ಇದು ನಡೆಯುವುದಿಲ್ಲ. ಕೇಸು ವಾಪಸ್ ಕೋರ್ಟಿಗೇ.

ಹೋಗುವವರು ಬಾಡಿಗೆ ಕರಾರು, ಪಾಸ್‌ಬುಕ್, ಕರೆಂಟ್-ನೀರಿನ ಬಿಲ್ಲು ಕೈಯಲ್ಲಿಟ್ಟುಕೊಳ್ಳಿ. ಬಾಕಿಯನ್ನು ಒಂದೇ ಹಾಳೆಯಲ್ಲಿ ತಿಂಗಳ ಪ್ರಕಾರ ಬರೆದುಕೊಂಡು ಹೋಗಿ. ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಕೇಳುವ ಹಕ್ಕಿದೆ. ರಾಜ್ಯ ಪ್ರಾಧಿಕಾರದ ಕಚೇರಿ ಇರುವುದೂ ಅದೇ ನ್ಯಾಯ ದೇಗುಲದಲ್ಲಿ. ನಾನು ಅದರ ಬೋರ್ಡ್ ಓದಿದ್ದು ವಕೀಲರ ಫೀಸೆಲ್ಲ ಕೊಟ್ಟಾದ ಮೇಲೆ.

ನವೆಂಬರ್ 29ಕ್ಕೇ ಕೀ ಬಂತು. ಮನೆ ಗುಡಿಸಿ ಒರೆಸಿದ್ದರು. ಈಗ ಗೇಟಿಗೆ 'ಮನೆ ಬಾಡಿಗೆಗೆ ಇದೆ, ಮೂರು ತಿಂಗಳ ಅಡ್ವಾನ್ಸ್' ಅಂತ ಬೋರ್ಡ್ ಹಾಕಿದ್ದೇನೆ. ಮೊದಲು ಗೇಟಿಗೆ ಬಂದದ್ದು ಬಾಡಿಗೆ ಕೇಳುವವರಲ್ಲ, ಎದುರು ಮನೆಯ ಓನರ್. "ಏನ್ ಮೇಡಂ, ನೀವು ಹಿಂಗೆ ಮಾಡಿದ್ರೆ ನಮ್ಗೆ ಯಾರು ಹತ್ತು ತಿಂಗಳು ಕೊಡ್ತಾರೆ?" ಅಂದರು.